ಹಸಿರು ಕಾಳುಗಳ ಸಾಕ್ಷಿ

“ಇವು ಕಾಳಲ್ರೀ ಡಾಕ್ಟರ. ಇವು ಎಳಿ.”

ಸೂಕ್ಷ್ಮದರ್ಶಕದಿಂದ ಕಣ್ಣು ಕೀಳದೆಯೇ ತುಳಜಾ ಹೇಳಿದಳು. ಖಾಕಿ ಟೊಪ್ಪಿಗೆಯನ್ನು ತೆಗೆದು ಮೇಜಿನ ಮೇಲಿಟ್ಟಿದ್ದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು, ಅಪ್ಪಿತಪ್ಪಿ ಏನನ್ನಾದರೂ ಮುಟ್ಟಿಬಿಟ್ಟೇನೆಂಬ ಎಚ್ಚರದಲ್ಲಿ.

“ಏನಂದ್ರಿ?”

“ಎಳಿ, ಎಳಿ. ಹೊರಸಿಗೆ ಹಗ್ಗ ಹೆಣದಂಗ ಈ ತುದಿಯಿಂದ ಆ ತುದಿಗೆ ಹೋಗ್ಯಾವ. ನೀವು ಗ್ವಾಡಿಗೆ ಹಚ್ಚಿದ ಫೋಟೋದಾಗ ಹಿಂಗಿಲ್ಲ. ಅಲ್ಲಿ ನಟ್ಟನಡುವ ಒಂದು ಗುಂಡು, ಅದರ ಸುತ್ತ ಜ್ವಾಳದ ಕಾಳು ಚೆಲ್ಲಿದಂಗ ಐತಿ.”

ಡಾ. ಪೂರ್ಣಿಮಾ ಹಿರೇಮಠ ಎದ್ದು ಬಂದ ರಭಸಕ್ಕೆ ಗಾಲಿ ಕುರ್ಚಿ ಹಿಂದಕ್ಕೋಡಿ ಗೋಡೆಗೆ ಬಡಿಯಿತು. ಅವಳು ತುಳಜಾಳನ್ನು ಹೆಚ್ಚುಕಡಿಮೆ ತಳ್ಳಿಯೇ ಕಿಂಡಿಗೆ ಕಣ್ಣಿಟ್ಟಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಬಾಗಿಲ ಬಳಿ ಪಂಚನಾಮೆಯ ಕಾಗದ ಹಿಡಿದು ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಉಳವಪ್ಪನಿಗೆ ತಿಳಿಯಲಿಲ್ಲ.

“ಇದು ನಂದಲ್ಲ,” ಅಂದಳು ಪೂರ್ಣಿಮಾ. “ಮೇಡಂ, ಇದು ನನ್ನ ಪ್ರತಿಕಾಯ ಅಲ್ಲವೇ ಅಲ್ಲ!”

ಒಂಬತ್ತು ದಿನದ ಹಿಂದೆ ದಾಂಡೇಲಿಯ ಈ ಅರಣ್ಯರೋಗ ಸಂಶೋಧನಾ ಕೇಂದ್ರದಲ್ಲಿ, ನಾಲ್ವರು ತಜ್ಞರ ಕಣ್ಣೆದುರಿಗೆ, ಅವಳ ಆರು ವರ್ಷದ ಕೆಲಸ ನೆಲಕ್ಕೆ ಬಿದ್ದಿತ್ತು. ಮಂಗನ ಕಾಯಿಲೆಯ ವೈರಸ್ಸಿಗಷ್ಟೇ ಅಂಟಬೇಕಾಗಿದ್ದ ಅವಳ ಪ್ರತಿಕಾಯ, ವೈರಸ್ಸೇ ಇಲ್ಲದ ಶುದ್ಧ ಜೀವಕೋಶಗಳ ಮೇಲೂ ಹಸಿರಾಗಿ ಹೊಳೆದುಬಿಟ್ಟಿತ್ತು. ‘ನಂಬಲರ್ಹವಲ್ಲ’ ಎಂದು ಸಮಿತಿ ಬರೆದುಕೊಂಡು, ಪರೀಕ್ಷೆಯ ಗಾಜಿನ ಪಟ್ಟಿಗಳನ್ನೂ ಪ್ರತಿಕಾಯದ ಸೀಸೆಯನ್ನೂ ಲಕೋಟೆಗೆ ಹಾಕಿ ಮೊಹರು ಮಾಡಿ ಎದ್ದಿತ್ತು.

ಮರುದಿನ ಪೂರ್ಣಿಮಾ ಠಾಣೆಗೆ ಬಂದು, ‘ನನ್ನ ಪ್ರತಿಕಾಯದ ಸೀಸೆಯನ್ನು ಯಾರೋ ಕದ್ದು ಬೇರೊಂದು ಇಟ್ಟಿದ್ದಾರೆ’ ಎಂದು ದೂರು ಕೊಟ್ಟಳು. “ಮೂರು ಹನಿ ನೀರು ಕಳುವಾಗ್ಯಾವಂತ್ರಿ,” ಎಂದು ಉಳವಪ್ಪನೇ ನಕ್ಕಿದ್ದ. ಸಬ್ ಇನ್‌ಸ್ಪೆಕ್ಟರ್ ತುಳಜಾ ರಾಠೋಡ ನಕ್ಕಿರಲಿಲ್ಲ.

ಅವಳು ನಗದಿದ್ದುದಕ್ಕೆ ಕಾರಣವಿತ್ತು. ಅವಳು ಕಾಲೇಜಿಗೆ ಹೋಗುತ್ತಿದ್ದ ವರ್ಷ, ಮುಂಡಗೋಡದ ಹತ್ತಿರದ ತಾಂಡಾದಿಂದ ತಾಯಿ ಮಣಿಬಾಯಿ ಕಟ್ಟಿಗೆಗೆಂದು ಕಾಡಿಗೆ ಹೋಗಿ ಜ್ವರ ಹೊತ್ತುಕೊಂಡು ಬಂದಳು. ಯಾವ ಜ್ವರವೆಂದು ತಿಳಿಯುವುದಕ್ಕೆ ಹನ್ನೊಂದು ದಿನ ಹಿಡಿಯಿತು. ರಕ್ತ ಎಲ್ಲಿಗೋ ಹೋಗಿ, ವರದಿ ಎಲ್ಲಿಂದಲೋ ಬರಬೇಕಿತ್ತು. ಅಷ್ಟರಲ್ಲಿ ಅವಳ ಒಸಡಿನಿಂದ ನೆತ್ತರು ಬರುತ್ತಿತ್ತು. ಮಣಿಬಾಯಿ ಬದುಕಿದಳು. ಪಕ್ಕದ ಮಂಚದಲ್ಲಿದ್ದ ಸೋದರಮಾವ ಬಾಲು ಬದುಕಲಿಲ್ಲ. ಮೂರೇ ಗಂಟೆಯಲ್ಲಿ ಉತ್ತರ ಹೇಳುವ ಒಂದು ಹನಿ ದಾಂಡೇಲಿಯಲ್ಲಿ ಹುಟ್ಟಿದೆ ಎಂದರೆ, ಅದು ತುಳಜಾಳಿಗೆ ನೀರಲ್ಲ.

“ಒಂಬತ್ತು ದಿನ ನೀವೇ ಯಾಕ ಇದನ್ನ ನೋಡಲಿಲ್ಲ?” ಅವಳು ಕೇಳಿದಳು.

“ನೋಡಾಕ ಎಲ್ಲಿ ಬಿಟ್ರು? ಅವತ್ತು ದೊಡ್ಡ ಪರದೆ ಮ್ಯಾಲ ದೂರದಿಂದ ಹಸಿರು ಮಂಜಿನಂಗ ಕಂಡಿತ್ತು. ಹತ್ರ ಹೋಗಿ ನೋಡೂದ್ರೊಳಗ ಗಾಜೂ ಸೀಸೆನೂ ಲಕೋಟಿ ಸೇರಿದ್ವು. ಇವತ್ತು ನೀವು ಮೊಹರು ಒಡಿಸಿದ್ದಕ್ಕ ಕಂಡ್ವು.”

“ಹಂಗಾದ್ರ ಇನ್ನೊಮ್ಮೆ ನನಗ ತಿಳಿಯೂ ಹಂಗ ಹೇಳ್ರಿ. ಮುಂದ ಕೋರ್ಟಿನ್ಯಾಗ ನಿಂತು ಹೇಳಾಕಿ ನಾನು.”

ಪೂರ್ಣಿಮಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಅವಳ ದನಿ ಈಗ ಪಾಠ ಹೇಳುವ ಮಾಸ್ತರಿಣಿಯ ಹಾಗೆ ನೆಟ್ಟಗಾಯಿತು.

“ವೈರಸ್ ಒಂದು ಜೀವಕೋಶದೊಳಗ ಹೊಕ್ಕಿತಂದ್ರ ಸುಮ್ನ ಕೂಡೂದಿಲ್ಲ. ತನ್ನಂಥಾವು ಸಾವಿರ ಹುಟ್ಟಿಸಬೇಕಲ್ಲ? ಅದಕ್ಕೊಂದು ಕಿಣ್ವ ಬೇಕು. ನಕಲು ಹೊಡಿಯೂ ಯಂತ್ರ ಅಂತ ತಿಳ್ಕೋರಿ. ನನ್ನ ಪ್ರತಿಕಾಯ ಆ ಯಂತ್ರಕ್ಕಷ್ಟ ಹೋಗಿ ಅಂಟತೈತಿ. ಅದಕ್ಕ ನಾವು ಹಸಿರು ಬಣ್ಣ ಹಚ್ಚತೇವಿ. ಎಲ್ಲಿ ಹಸಿರು ಕಾಳು ಕಂಡ್ವೋ, ಅಲ್ಲಿ ಯಂತ್ರ ನಡದೈತಿ.”

“ವೈರಸ್ ಸತ್ತಿದ್ರ?”

“ಸತ್ತದ್ದು ಯಂತ್ರ ಹೂಡಾಂಗಿಲ್ಲ. ಕಾಳೂ ಇಲ್ಲ, ಹಸಿರೂ ಇಲ್ಲ. ಬರೇ ಕತ್ತಲ. ಅದ ಇದರ ಹೆಚ್ಚುಗಾರಿಕಿ ಮೇಡಂ. ಉಳಿದ ಪರೀಕ್ಷೆ ‘ವೈರಸ್ ಐತಿ’ ಅಂತಷ್ಟ ಹೇಳತಾವು. ನಮ್ಮ ಮಾಲವ್ವ ‘ಜೀವಂತ ಐತಿ’ ಅಂತಾಳ.”

“ಮಾಲವ್ವ?”

ಪೂರ್ಣಿಮಾಳ ಮುಖದಲ್ಲಿ ಒಂಬತ್ತು ದಿನಗಳಲ್ಲಿ ಮೊದಲ ಬಾರಿಗೆ ನಾಚಿಕೆ ಬೆರೆತ ಹೆಮ್ಮೆ ಕಂಡಿತು.

“ನಮ್ಮಜ್ಜಿ ಹೆಸರ್ರಿ. ಹಳಿಯಾಳದ ಕಡೆ ನಮ್ಮ ಹಳ್ಳಿ. ಹೊಳಿಗೆ ನೀರಿಗೆ ಬಂದ ನೂರು ಎಮ್ಮಿ ನಡುವ ತನ್ನ ಕರಾ ಯಾವುದು ಅಂತ ದಂಡಿ ಮ್ಯಾಲ ನಿಂತ ಹೇಳಾಕಿ. ಈ ಪ್ರತಿಕಾಯ ಕೊಡೂ ಜೀವಕೋಶ ಹುಡುಕೂ ಮುಂದ ಹನ್ನೆರಡು ಪರೀಕ್ಷಾ ತಟ್ಟಿ, ಒಂದೊಂದರಾಗ ತೊಂಬತ್ತಾರು ಸಣ್ಣ ಕುಣಿ ನೋಡೇನಿ. ಒಂದ, ಒಂದ ಕುಣಿಯೊಳಗ ಸಿಕ್ಕಿತು. ಅವತ್ತ ಹೆಸರಿಟ್ಟೆ.”

“ಆ ಜೀವಕೋಶ ಇನ್ನೂ ಅದಾವಲ್ಲ? ಮತ್ತೊಂದಿಷ್ಟು ಮಾಡಕೊಳ್ರಿ.”

“ಮಾಡಬಹುದು. ಮೂರು ವಾರ ಬೇಕು. ಸಮಿತಿ ವರದಿ ಸೋಮವಾರ ಹೋಗತೈತಿ.”

ಅಂದು ಶನಿವಾರ. ಕಿಟಕಿಯಾಚೆ ಕಾಳಿ ನದಿಯ ಕಡೆಯಿಂದ ಒಂದು ಮಂಗಟ್ಟೆ ಹಕ್ಕಿ ರೆಕ್ಕೆಯ ಭಾರೀ ಸದ್ದು ಮಾಡುತ್ತ ಹಾದುಹೋಯಿತು. ಉಳವಪ್ಪ ಬೆಚ್ಚಿ ಕಾಗದ ಬೀಳಿಸಿದ.

ತುಳಜಾ ಮತ್ತೆ ಕಿಂಡಿಯ ಕಡೆ ಕೈ ತೋರಿಸಿದಳು. “ಈ ಎಳಿಗೆ ಅಂಟಿದ್ದು ಏನು ಹಂಗಾರ?”

“ಅದೂ ಒಂದು ಪ್ರತಿಕಾಯನ. ಆದ್ರ ಬ್ಯಾರೆ. ಎಲ್ಲಾ ಜೀವಕೋಶದೊಳಗೂ ಎಲುಬಿನ ಗೂಡಿನಂಗ ಎಳಿ ಇರತಾವು. ಅದಕ್ಕ ಅಂಟೂವಂಥಾದ್ದು. ಅದನ್ನ ಹಾಕಿದ್ರ ವೈರಸ್ ಇರಲಿ ಬಿಡಲಿ, ಎಲ್ಲಾ ಹಸಿರು.”

“ಈ ಕಟ್ಟಡದಾಗ ಅಂಥಾದ್ದು ಯಾರ ಹತ್ರ ಐತಿ?”

ಪೂರ್ಣಿಮಾ ಗೋಡೆಯ ಫೋಟೋ ನೋಡುತ್ತ ನಿಂತಳು. ತುಳಜಾ ಕಾದಳು. ಠಾಣೆಯಲ್ಲಿ ಅವಳು ಕಲಿತ ವಿದ್ಯೆಗಳಲ್ಲಿ ಇದೇ ದೊಡ್ಡದು, ಎದುರಿನವರು ಸುಮ್ಮನಾದಾಗ ತಾನೂ ಸುಮ್ಮನಿರುವುದು.

“ಒಬ್ಬರ ಹತ್ರ ಐತಿ,” ಎಂದಳು ಪೂರ್ಣಿಮಾ ಕೊನೆಗೆ. “ನಾ ಇಲ್ಲಿಗೆ ಬಂದಾಗ ಪಿಪೆಟ್ ಹೆಂಗ ಹಿಡೀಬೇಕು ಅಂತ ಕಲಿಸಿದವರು ಅವರು. ಉದಯಕುಮಾರ ಸರ್.”

*

ಕೇಂದ್ರದ ಕೋಶಶಾಲೆಯ ಮುಖ್ಯಸ್ಥ ಉದಯಕುಮಾರನಿಗೆ ಐವತ್ತರ ಆಸುಪಾಸು. ಹಣೆಯ ಮೇಲೆ ಮೂರೆಳೆ ವಿಭೂತಿ, ಕಿಸೆಯಲ್ಲಿ ಒಂದೇ ಅಳತೆಯ ನಾಲ್ಕು ಪೆನ್ನು, ಮೇಜಿನ ಮೇಲೆ ಒಂದು ಧೂಳಿನ ಕಣವಿಲ್ಲ. ಜೀವಕೋಶ ಬೆಳೆಸಿ ಉಳಿದ ವಿಜ್ಞಾನಿಗಳಿಗೆ ಕೊಡುವುದು ಅವನ ಕೆಲಸ. ಬಿಗಿ ಭದ್ರತೆಯ ಕೋಣೆಯಲ್ಲಿ ವೈರಸ್ಸನ್ನು ಕಾಯಿಸಿ ಕೊಂದು, ತಾಲೂಕುಗಳ ತರಬೇತಿಗೆ ‘ಕೊಂದ ವೈರಸ್’ ತಯಾರಿಸುವುದೂ ಅವನದೇ.

“ಬರ್ರಿ ಮೇಡಂ, ಕೂಡ್ರಿ. ಚಹಾ ಹೇಳಲ್ಯಾ?”

“ಆಮ್ಯಾಲ ಕುಡಿಯೂಣು. ಎಳಿಗೆ ಅಂಟೂ ಪ್ರತಿಕಾಯದ ಬಾಟ್ಲಿ ನಿಮ್ಮ ಹತ್ರ ಐತೇನ್ರಿ ಸರ್?”

ಅವನು ಪೂರ್ಣಿಮಾಳ ಮುಖ ನೋಡಿದ. ಅವಳು ನೆಲ ನೋಡಿದಳು.

“ಐತಿ. ಮೂರು ತಿಂಗಳಾತು ಬಂದು. ಬಂದಾಗಿಂದ ಅದನ್ನ ಮುಟ್ಟೇ ಇಲ್ಲ.”

ಅವನೇ ಎದ್ದು ಫ್ರಿಜ್ ತೆಗೆದ. ಹೆಬ್ಬೆರಳಿನಷ್ಟು ಉದ್ದದ ಕಂದು ಬಾಟಲಿಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದ.

“ನೋಡ್ರಿ. ಕಂಠಮಟ ತುಂಬೇತಿ. ಇದರಾಗಿಂದ ತಗದು ಯಾರರ ಏನರ ಮಾಡಿದ್ರ ಇಷ್ಟು ಉಳಿತಿತ್ತೇನ್ರಿ?”

ತುಳಜಾ ಬಾಟಲಿಯನ್ನು ಮುಟ್ಟದೆ ಕತ್ತು ಬಾಗಿಸಿ ನೋಡಿದಳು. “ಮುಚ್ಚಳದ ಕೆಳಗಿನ ಸೀಲ್ ಹರದೈತಿ.”

“ಬಂದಾಗ ಒಮ್ಮೆ ತಗದು ನೋಡಿದ್ದೆ.”

“ಈಗ ಮುಟ್ಟೇ ಇಲ್ಲ ಅಂದ್ರಿ.”

“ಅಂದ್ರ… ಉಪಯೋಗ ಮಾಡಿಲ್ಲ ಅಂತ.” ಅವನು ನಕ್ಕ. “ಪೊಲೀಸರ ಮುಂದ ಮಾತು ತೂಗಿ ಆಡಬೇಕು ನೋಡ್ರಿ. ನಿಮ್ಮೂರು ಯಾವುದ್ರಿ ಮೇಡಂ?”

“ಮುಂಡಗೋಡ ಬಾಜೂಕ ತಾಂಡಾ.”

“ತಾಂಡಾದಿಂದ ಬಂದು ಪ್ರತಿಕಾಯದ ತನಕ ಮುಟ್ಟೀರಿ. ಚೊಲೊ ಆತು ಬಿಡ್ರಿ.”

ಇಂಥ ಮೆಚ್ಚುಗೆ ತುಳಜಾಳಿಗೆ ಹೊಸತಲ್ಲ. ಮೊದಮೊದಲು ಕಿವಿ ಬಿಸಿಯಾಗುತ್ತಿತ್ತು. ಈಗ ಬೆನ್ನು ಇನ್ನೊಂದು ಬೆರಳು ನೆಟ್ಟಗಾಗುತ್ತದೆ, ಅಷ್ಟೇ.

“ಕಲಿಸಾವ್ರು ಚೊಲೊ ಇದ್ರ ಎಲ್ಲಾರಿಗೂ ತಿಳೀತೈತ್ರಿ ಸರ್. ನಿಮ್ಮ ಶಿಷ್ಯೆ ಚೊಲೊ ಕಲಿಸಿದ್ರು.” ಅವಳು ಬಾಟಲಿಯ ಕಡೆ ಬೆರಳು ಮಾಡಿದಳು. “ತುಂಬೇತಿ, ಖರೆ. ಆದ್ರ ಏನು ತುಂಬೇತಿ?”

ಉದಯಕುಮಾರನ ನಗು ತುಟಿಯ ಮೇಲೆ ಹಾಗೆಯೇ ಉಳಿಯಿತು. ಕಣ್ಣುಗಳು ಮಾತ್ರ ಅದನ್ನು ಬಿಟ್ಟುಹೋದವು.

“ಅಂದ್ರ?”

“ಲೇಬಲ್ ಹೊರಗ ಇರತೈತಿ. ಒಳಗಿಂದು ನೋಡಿದ್ರ ಎಲ್ಲಾ ನೀರಿನಂಗ. ಇದನ್ನ ಪರೀಕ್ಷಾ ಮಾಡೂಣು. ಇದು ಎಳಿಗೆ ಅಂಟೂದ ಇದ್ರ ಶುದ್ಧ ಜೀವಕೋಶದ ಮ್ಯಾಲ ಎಳಿ ಕಾಣಬೇಕು. ಹೌದಲ್ರಿ ಡಾಕ್ಟರ?”

ಪೂರ್ಣಿಮಾ ತಲೆ ಎತ್ತಿದಳು. ಅವಳಿಗೆ ಈಗ ಹೊಳೆದಿತ್ತು. “ಹೌದು. ಕಾಣಲೇಬೇಕು.”

“ಹಂಗೆಲ್ಲಾ ಮಾಡಾಕ ಬರಾಂಗಿಲ್ಲ,” ಉದಯಕುಮಾರನ ದನಿ ಏರಿತು. “ನಿರ್ದೇಶಕರು ಊರಾಗಿಲ್ಲ. ಅವರ ಅನುಮತಿ ಬೇಕು.”

“ಫೋನಿನ್ಯಾಗ ತಗೊಂಡೇನಿ, ಮುಂಜಾನೆನ. ಉಳವಪ್ಪಾರ, ಈ ಬಾಟ್ಲಿ ಪಂಚನಾಮೆಯೊಳಗ ಬರಕೊಳ್ರಿ.”

ಉಳವಪ್ಪ ಬಾಟಲಿಯನ್ನು ಕೈಗವಸು ಹಾಕಿಕೊಂಡು ಎರಡೂ ಕೈಯಿಂದ, ದೇವರ ತೀರ್ಥ ಹಿಡಿದವನ ಹಾಗೆ, ಎತ್ತಿಕೊಂಡ.

*

ಪ್ರದರ್ಶನದ ದಿನಕ್ಕೆಂದು ಕೋಶಶಾಲೆ ಎರಡು ಜೊತೆ ಗಾಜು ಮಾಡಿತ್ತು. ಒಂದು ಜೊತೆ ಸಮಿತಿಯದಾಯಿತು. ಇನ್ನೊಂದು ಬಳಸದೆ ಉಳಿದಿತ್ತು. ಅದರಲ್ಲಿ ಮೂರು ಗಾಜು. ಮೊದಲನೆಯದರಲ್ಲಿ ಬರೀ ಶುದ್ಧ ಜೀವಕೋಶ. ಎರಡನೆಯದು ಜೀವಂತ ವೈರಸ್ ಹೊಕ್ಕಿದ್ದ ಜೀವಕೋಶ. ಮೂರನೆಯದಕ್ಕೆ ಉದಯಕುಮಾರನ ಕೊಂದ ವೈರಸ್ಸನ್ನು ಸುರಿದು ಎರಡು ದಿನ ಬಿಡಲಾಗಿತ್ತು. ಆಮೇಲೆ ಮೂರಕ್ಕೂ ಔಷಧ ಹಾಕಿ, ಅಂದಿದ್ದ ಸ್ಥಿತಿಯಲ್ಲೇ ಗಟ್ಟಿಮಾಡಿ ಇಟ್ಟಿದ್ದರಿಂದ ಈಗ ಯಾವುದನ್ನು ಮುಟ್ಟಿದರೂ ಅಪಾಯವಿರಲಿಲ್ಲ.

ಪೂರ್ಣಿಮಾ ಬಾಟಲಿಯಿಂದ ಹನಿ ಹನಿಯಾಗಿ ಮೂರಕ್ಕೂ ಹಾಕಿದಳು. ಒಂದು ತಾಸು ಕಾಯಬೇಕು. ತೊಳೆಯಬೇಕು. ಹಸಿರು ಬಣ್ಣ ಹಾಕಬೇಕು. ಮತ್ತೆ ಒಂದು ತಾಸು. ಮತ್ತೆ ತೊಳೆಯಬೇಕು. ಅವಳ ಕೈ ನೋಡುತ್ತ ತುಳಜಾ ಅಂದುಕೊಂಡಳು: ತಾಂಡಾದಲ್ಲಿ ಕಸೂತಿ ಹಾಕುವ ಹೆಂಗಸರ ಕೈಯೂ ಹೀಗೆಯೇ ಹೋಗುತ್ತದೆ, ಎಲ್ಲಿಯೂ ಅವಸರವಿಲ್ಲ, ಎಲ್ಲಿಯೂ ನಿಂತದ್ದಿಲ್ಲ.

ಉದಯಕುಮಾರ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು. ಎರಡು ಸಲ ಎದ್ದು ಗೇಟಿನ ತನಕ ಹೋಗಿ ಬಂದ. ಉಳವಪ್ಪ ಅವನ ಹಿಂದೆಯೇ ಹೋಗಿ ಹಿಂದೆಯೇ ಬಂದ.

ಎರಡೂವರೆಗೆ ಪೂರ್ಣಿಮಾ ಕರೆದಳು. “ಎಲ್ಲಾರೂ ಒಳಗ ಬರ್ರಿ. ಸರ್, ನೀವೂ.”

ಕೋಣೆಯ ಪರದೆ ಎಳೆದಿದ್ದರು. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಗಣಕಯಂತ್ರದ ಪರದೆಯೊಂದೇ ಬೆಳಗುತ್ತಿತ್ತು. ಅವಳು ಮೊದಲ ಗಾಜನ್ನಿಟ್ಟು ತಿರುಪು ತಿರುಗಿಸಿದಳು. ಶುದ್ಧ ಜೀವಕೋಶ. ಬಾಟಲಿಯಲ್ಲಿದ್ದದ್ದು ಲೇಬಲ್ ಹೇಳಿದ್ದೇ ಆಗಿದ್ದರೆ ಎಳೆಗಳು ತುಂಬಿರಬೇಕು.

ಪರದೆಯ ಮೇಲೆ ಏನೂ ಬರಲಿಲ್ಲ.

“ಕೆಟ್ಟೈತೇನ್ರಿ?” ಉಳವಪ್ಪ ಪಿಸುಗುಟ್ಟಿದ.

“ಇಲ್ಲ,” ಎಂದಳು ಪೂರ್ಣಿಮಾ. “ಕತ್ತಲ. ಕತ್ತಲನ ಇರಬೇಕು.” ಅವಳ ದನಿ ಒಡೆಯಿತು. “ಹಿಂಗ ಇರಬೇಕು.”

ಎರಡನೆಯ ಗಾಜು. ತಿರುಪು ಅರ್ಧ ಸುತ್ತು ತಿರುಗುವಷ್ಟರಲ್ಲಿ ಕತ್ತಲೊಳಗಿಂದ ಅವು ಎದ್ದು ಬಂದವು. ಒಂದೊಂದು ಜೀವಕೋಶದ ನಡುಗುಂಡಿನ ಸುತ್ತ ಹಸಿರು ಕಾಳು, ಗುಂಪು ಗುಂಪಾಗಿ, ಎಣಿಸಿಕೊಳ್ಳಬಹುದಾದಷ್ಟು ಸ್ಪಷ್ಟವಾಗಿ. ಒಂದೇ ಒಂದು ಎಳೆಯಿಲ್ಲ.

ಪೂರ್ಣಿಮಾ ಎದ್ದು ನಿಂತಳು. ಗಿಡ್ಡ ಹೆಂಗಸು. ಆದರೆ ಆ ಗಳಿಗೆಯಲ್ಲಿ ಕೋಣೆಯಲ್ಲಿದ್ದವರೆಲ್ಲ ತಲೆಯೆತ್ತಿ ಅವಳನ್ನು ನೋಡಿದ ಹಾಗಾಯಿತು.

“ಇದು ನಂದು. ಇದಕ್ಕ ನಾ ಮಾಲವ್ವ ಅಂತ ಹೆಸರಿಟ್ಟೇನಿ. ದಾಂಡೇಲ್ಯಾಗ ಹುಟ್ಟಿದ್ದು, ಈ ಮೇಜಿನ ಮ್ಯಾಲ ಹುಟ್ಟಿದ್ದು. ಇದು ಸುಳ್ಳು ಹೇಳಾಂಗಿಲ್ಲ.”

ಉಳವಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದ. ಯಾಕೆ ತೆಗೆದೆನೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ. “ತಪ್ಪಾತ್ರಿ ಡಾಕ್ಟರ,” ಎಂದ ಮೆಲ್ಲಗೆ. “ನೀರಂದಿದ್ದೆ.”

ತುಳಜಾ ಪರದೆಯ ಹತ್ತಿರಕ್ಕೆ ಬಂದಳು. ಈ ಕಾಳುಗಳನ್ನು ತಾಯಿ ಮಣಿಬಾಯಿಗೆ ತೋರಿಸಬೇಕು ಅನ್ನಿಸಿತು. ‘ಯಾಡಿ, ಹನ್ನೊಂದು ದಿನ ನಿನ್ನೊಳಗೆ ಇದ್ದದ್ದು ಇದು. ಇದನ್ನು ಹಿಡಿಯುವವಳು ಹಳಿಯಾಳದವಳು. ಅವಳನ್ನು ಬೀಳದ ಹಾಗೆ ಹಿಡಿದು ನಿಲ್ಲಿಸಿದವಳು ನಿನ್ನ ಮಗಳು.’

ಆದರೆ ಅವಳ ಕಣ್ಣು ಉದಯಕುಮಾರನ ಮೇಲಿತ್ತು. ಸಿಕ್ಕಿಬಿದ್ದವರ ಮುಖ ಅವಳು ಬೇಕಾದಷ್ಟು ನೋಡಿದ್ದಳು. ಸಿಕ್ಕಿಬಿದ್ದ ಮೇಲೆ ಒಂದು ಬಗೆಯ ಆರಾಮ ಬರುತ್ತದೆ. ಇವನಿಗೆ ಬಂದಿರಲಿಲ್ಲ. ಇವನು ಇನ್ನೂ ಏನನ್ನೋ ಕಾಯುತ್ತಿದ್ದ. ಅವನ ನೋಟ ಪರದೆಯ ಮೇಲಿರಲಿಲ್ಲ, ಮೇಜಿನ ಮೇಲೆ ಉಳಿದಿದ್ದ ಮೂರನೆಯ ಗಾಜಿನ ಮೇಲಿತ್ತು.

“ಡಾಕ್ಟರ, ಇನ್ನೊಂದು ಉಳಿದೈತಿ.”

“ಅದು ಕೊಂದ ವೈರಸ್ಸಿಂದು. ಏನೂ ಇರಾಂಗಿಲ್ಲ. ಬಿಡ್ರಿ, ನೋಡೇ ಬಿಡೂಣು.”

ಅವಳು ನಗುನಗುತ್ತಲೇ ಗಾಜು ಇಟ್ಟಳು. ತಿರುಪು ತಿರುಗಿಸಿದಳು.

ಹಸಿರು ಕಾಳು.

ಎರಡನೆಯದರಷ್ಟು ದಟ್ಟವಲ್ಲ. ಅಲ್ಲೊಂದು ಕೋಶ, ಇಲ್ಲೊಂದು ಕೋಶ. ಆದರೆ ಕಾಳು ಕಾಳೇ.

“ಸರ್,” ಪೂರ್ಣಿಮಾ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. “ಸರ್, ಇದು ಸತ್ತಿಲ್ಲ.”

ಉದಯಕುಮಾರ ಗೋಡೆಗೆ ಒರಗಿದ. ನಾಲ್ಕು ಪೆನ್ನಿನ ಕಿಸೆಯ ಮೇಲೆ ಕೈಯಿಟ್ಟುಕೊಂಡ.

“ಗೊತ್ತೈತಿ,” ಅಂದ.

“ಎಂದಿನಿಂದ ಗೊತ್ತೈತಿ?” ತುಳಜಾ ಕೇಳಿದಳು.

“ತಿಂಗಳಾತು. ಪೂರ್ಣಿಮಾನ ನನಗ ಎರಡು ಹನಿ ಕೊಟ್ಟಿದ್ಲು, ‘ಸರ್, ಮೊದಲ ನೀವು ನೋಡ್ರಿ’ ಅಂತ. ನನ್ನ ಹೊಸ ತಯಾರಿಕಿ ಮ್ಯಾಲ ಹಾಕಿ ನೋಡಿದೆ. ಕಾಳು ಕಂಡ್ವು. ಕಾಯಿಸೂ ಯಂತ್ರ ಹೇಳಿದಷ್ಟು ಬಿಸಿ ಏರೇ ಇರಲಿಲ್ಲ. ನಾನು ಕಾಗದ ನೋಡಿ ಸಹಿ ಹಾಕಿದ್ದೆ, ಯಂತ್ರ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷ ಮೇಡಂ. ಉದಯಕುಮಾರನ ಕೋಣಿಯಿಂದ ಬಂದಿದ್ದು ಅಂದ್ರ ಯಾರೂ ಎರಡನೇ ಸಲ ನೋಡತಿರಲಿಲ್ಲ. ಅಂಥಾ ಹೆಸರು. ಸಮಿತಿಗಂತ ಗಾಜು ಆಗಲೇ ಅದ ತಯಾರಿಕಿಲೆ ಮಾಡಿಟ್ಟಾಗಿತ್ತು, ಬದಲಿ ಮಾಡಾಕ ಬರತಿರಲಿಲ್ಲ. ಸಮಿತಿ ಮುಂದ ಆ ಗಾಜು ಹೊಳದಿದ್ರ ಅವತ್ತ ಮುಗೀತಿತ್ತು.”

“ಅದಕ್ಕ ಎಲ್ಲಾ ಗಾಜೂ ಹೊಳಿಯೂ ಹಂಗ ಮಾಡಿದ್ರಿ. ನಿಮ್ಮ ತಯಾರಿಕಿ ಕೆಟ್ಟಿದ್ದಲ್ಲ, ಇಕಿ ಪ್ರತಿಕಾಯ ಕೆಟ್ಟಿದ್ದು ಅಂತಾಗಬೇಕು.”

ಅವನು ತಲೆಯಾಡಿಸಿದ.

“ಇಕಿ ಸೀಸೆಯೊಳಗಿಂದು ಬದಲಿ ಮಾಡಿದ ಮ್ಯಾಲ ಮಾಲವ್ವನ್ನ ಚೆಲ್ಲಬಹುದಿತ್ತಲ್ಲ? ನಿಮ್ಮ ಬಾಟ್ಲಿಯೊಳಗ ಯಾಕ ಇಟ್ಕೊಂಡ್ರಿ? ಚೆಲ್ಲಿದ್ರ ನಾ ನಿಮ್ಮನ್ನ ಹಿಡೀಲಿಕ್ಕೆ ಆಗತಿರಲಿಲ್ಲ.”

ಅವನು ಮೇಜಿನ ಮೇಲಿದ್ದ ಕಂದು ಬಾಟಲಿಯತ್ತ ನೋಡಿದ. ಆಮೇಲೆ ತುಳಜಾಳಿಗಲ್ಲ, ಪೂರ್ಣಿಮಾಳಿಗೆ ಹೇಳಿದ.

“ಸಿಂಕಿನ ತನಕ ಹೋಗಿದ್ದೆವ್ವಾ. ಬಗ್ಗಿಸಿದ್ದೆ. ಕೈ ಬರಲಿಲ್ಲ. ಆ ಕುಣಿ ಸಿಕ್ಕ ದಿನ ನೀ ಓಡಿಕೊಂಡು ಬಂದು ನನಗ ಮೊದಲ ತೋರಿಸಿದ್ದಿ. ಅಂಥಾದ್ದು ನನ್ನ ಜನ್ಮದಾಗ ನಾ ಮಾಡಲಿಲ್ಲ. ಅದನ್ನ ಚೆಲ್ಲಾಕ… ನಾನೂ ಒಬ್ಬ ವಿಜ್ಞಾನಿ.”

ಪೂರ್ಣಿಮಾಳ ಕಣ್ಣಲ್ಲಿ ನೀರು ತುಂಬಿತು. ಆದರೆ ಮಾತು ನಡುಗಲಿಲ್ಲ. “ವಿಜ್ಞಾನಿ ಆಗಿದ್ರ ತಿಂಗಳ ಹಿಂದ ಹೇಳತಿದ್ರಿ ಸರ್. ನನ್ನ ಹೆಸರು ಹೋದ್ರ ಹೋಗಲಿ. ಜೀವಂತ ವೈರಸ್ಸು ‘ಸತ್ತೈತಿ’ ಅನ್ನೂ ಚೀಟಿ ಹಚ್ಚಕೊಂಡು ಊರೂರು ತಿರಗತೈತಿ. ಅದನ್ನ ಬರೇ ಕೈಲೆ ಹಿಡಿಯಾವ್ರು ಯಾರು? ತಾಲೂಕಿನ ಹುಡುಗ್ಯಾರು. ಎಷ್ಟು ಟ್ಯೂಬು ಮಾಡಿದ್ರಿ?”

“ಆರು. ಆರ ಆರು. ದಾಂಡೇಲಿಗೆ ಒಂದು, ಹಳಿಯಾಳಕ್ಕೆ ಎರಡು, ಜೋಯಿಡಾಕ್ಕೆ ಎರಡು, ಮುಂಡಗೋಡಕ್ಕೆ ಒಂದು. ಐದನ್ನ ನಾನ ಹೋಗಿ ಲೇಬಲ್ ತಪ್ಪೈತಿ ಅಂತ ಸುಳ್ಳು ಹೇಳಿ ತಂದು ಸುಟ್ಟೇನಿ, ಒಂದೂ ತಗದಿರಲಿಲ್ಲ. ಮುಂಡಗೋಡದ್ದೊಂದು ಉಳಿದೈತಿ. ಫೋನ್ ಮಾಡಿ ಮುಟ್ಟಬ್ಯಾಡ್ರಿ ಅಂದೇನಿ. ಸೋಮವಾರ ಹೋಗಾಂವ ಇದ್ದೆ.”

ಮುಂಡಗೋಡ. ತುಳಜಾಳ ತಾಂಡಾದ ಅರ್ಧ ಜನ ಜ್ವರ ಬಂದರೆ ಹೋಗುವುದು ಆ ಊರಿಗೇ.

ಪೂರ್ಣಿಮಾ ಆಗಲೇ ಫೋನು ಹಚ್ಚಿದ್ದಳು. ಮುಂಡಗೋಡದಲ್ಲಿ ರಕ್ತಪರೀಕ್ಷೆ ಮಾಡುವ ನಿರ್ಮಲಾ ಎಂಬಾಕೆ ಎತ್ತಿದಳು. ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟರು.

“ನಿರ್ಮಲಾ, ನಾ ಪೂರ್ಣಿಮಾ. ತರಬೇತಿಗಂತ ನಾವು ಕಳಿಸಿದ ಟ್ಯೂಬು ಎಲ್ಲಿ ಐತಿ?”

“ಫ್ರಿಜ್ಜಿನ್ಯಾಗ ಐತ್ರಿ ಮೇಡಂ. ಸರ್ ಮುಟ್ಟಬ್ಯಾಡ್ರಿ ಅಂದಿದ್ರು, ಮುಟ್ಟಿಲ್ಲ.”

“ಕೈಗವಸು ಹಾಕ್ಕೋ. ದೂರದಿಂದ ನೋಡಿ ಹೇಳು. ಮುಚ್ಚಳದ ಸೀಲ್ ಹಂಗ ಐತೇನು?”

ಫ್ರಿಜ್ಜಿನ ಬಾಗಿಲು ತೆರೆದ ಸದ್ದು. ಉದಯಕುಮಾರ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದ.

“ಐತ್ರಿ. ಸೀಲ್ ಒಡದಿಲ್ಲ.”

ಕೋಣೆಯಲ್ಲಿ ಎಲ್ಲರ ಉಸಿರೂ ಒಟ್ಟಿಗೆ ಹೊರಬಿತ್ತು. ಉಳವಪ್ಪ “ಶಿವಾ” ಎಂದು ಗಾಲಿ ಕುರ್ಚಿಯ ಮೇಲೆ ಕೂತ. ಪೂರ್ಣಿಮಾ ತುಳಜಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆರು ಟ್ಯೂಬಿನ ಲೆಕ್ಕ ಸಿಕ್ಕಿತ್ತು. ಕಳ್ಳ ಸಿಕ್ಕಿದ್ದ. ಮಾಲವ್ವ ಗೆದ್ದಿದ್ದಳು. ಸೋಮವಾರ ಹೋಗುವ ವರದಿ ಬೇರೆಯೇ ಆಗಲಿತ್ತು.

“ಮೇಡಂ,” ಫೋನಿನಿಂದ ನಿರ್ಮಲಾಳ ದನಿ ಬಂತು. “ನೀವು ಕೇಳಿದ್ದು ಹಳೇ ಟ್ಯೂಬ್ ಏನ್ರಿ, ಹೊಸಾದು ಏನ್ರಿ? ಇಲ್ಲಿ ಎರಡು ಅದಾವು.”

ತುಳಜಾ ಉದಯಕುಮಾರನ ಕಡೆ ತಿರುಗಿದಳು. ಅವನ ಮುಖ ಸುಣ್ಣದ ಗೋಡೆಯ ಹಾಗಾಗಿತ್ತು.

“ಇಲ್ಲ,” ಅಂದ ಅವನು. “ಇಲ್ಲ, ಇಲ್ಲ. ನಾ ಮಾಡಿದ್ದು ಆರು. ನನ್ನ ಮಗಳ ಆಣಿ, ಆರು!”

“ಎರಡನೇದು ಎಂದು ಬಂತು?” ತುಳಜಾ ಫೋನಿಗೆ ಬಾಗಿದಳು.

“ಗುರುವಾರ್ರಿ. ನಾ ಊಟಕ್ಕ ಹೋದಾಗ ಯಾರೋ ಇಟ್ಟು ಹೋಗ್ಯಾರ. ಕೇಂದ್ರದ ಚೀಟಿನ ಐತಿ ಅಂತ ಸುಮ್ನಿದ್ದೆ. ಇದರ ಮುಚ್ಚಳ ತಗದೈತ್ರಿ. ಒಳಗ ಏನೂ ಇಲ್ಲ, ಖಾಲಿ.”

“ಖಾಲಿ?” ಪೂರ್ಣಿಮಾ ಕೂಗಿದಳು. “ಒಳಗಿದ್ದದ್ದು ಎಲ್ಲಿ ಹೋತು? ನಿರ್ಮಲಾ, ಏನೂ ಮುಟ್ಟಬ್ಯಾಡ! ಅದರ ಒಂದು ಫೋಟೋ ಹೊಡಿ, ಬಾಗಲಾ ಹಾಕು, ಹೊರಗ ಹೋಗು. ಯಾರನ್ನೂ ಒಳಗ ಬಿಡಬ್ಯಾಡ.”

ಒಂದು ನಿಮಿಷ. ಎರಡು. ತುಳಜಾ ಆಗಲೇ ಮುಂಡಗೋಡ ಠಾಣೆಯ ಸಂಖ್ಯೆ ಒತ್ತುತ್ತಿದ್ದಳು. ಪೂರ್ಣಿಮಾಳ ಫೋನು ಟಿಂಗ್ ಎಂದಿತು.

ಅವಳು ಫೋಟೋ ತೆರೆದು ಎರಡು ಬೆರಳಿನಿಂದ ಹಿಗ್ಗಿಸಿದಳು. ಟ್ಯೂಬಿನ ಮೈಮೇಲೆ ಬಿಳಿ ಚೀಟಿ, ಚೀಟಿಯ ಮೇಲೆ ನೀಲಿ ಶಾಯಿಯ ದುಂಡನೆಯ ಕನ್ನಡ ಅಕ್ಷರ. ಆ ಅಕ್ಷರದ ಮೇಲೆ ಅವಳ ಬೆರಳು ನಿಂತುಬಿಟ್ಟಿತು.

“ಯಾರ ಅಕ್ಷರ ಅಂತ ಗುರತು ಸಿಕ್ಕತೇನ್ರಿ ಡಾಕ್ಟರ?”

ಪೂರ್ಣಿಮಾ ತಲೆ ತಗ್ಗಿಸಲಿಲ್ಲ. ತುಳಜಾಳ ಕಣ್ಣಿಗೆ ಕಣ್ಣಿಟ್ಟೇ ಹೇಳಿದಳು.

“ನಂದು. ಆದ್ರ ಇದನ್ನ ನಾ ಬರದಿಲ್ಲ.”